ಸೋಮವಾರದ ಸ್ಥಿತಿಗೆ

ಮಾರ್ಚ್ 3, ಸೋಮವಾರ

ಹೊಸ ಯಂತ್ರ ಮೊದಲ ಸಲಕ್ಕೇ ಎದ್ದು ನಿಂತಿತು. ಯಂತ್ರವೆಂದರೆ ಕಣ್ಣಿಗೆ ಕಾಣುವಂಥದ್ದೇನಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ನನ್ನ ಕೋಣೆಯಲ್ಲಿ ನಿಜವಾದ, ಮುಟ್ಟಿದರೆ ಬಿಸಿಯಾಗುವ ಸರ್ವರ್‌ಗಳು ಎರಡೇ. ಅವೆರಡರ ಹೊಟ್ಟೆಯೊಳಗೆ ಮೂವತ್ತೆಂಟು ವರ್ಚುವಲ್ ಸರ್ವರ್‌ಗಳು, ಒಂದೇ ಕಟ್ಟಡದ ಬಾಡಿಗೆದಾರರ ಹಾಗೆ, ಪಕ್ಕದವರ ಮುಖ ನೋಡದೆ ಸಂಸಾರ ಮಾಡುತ್ತಿವೆ. ಇದು ಮೂವತ್ತೊಂಬತ್ತನೆಯದು. ಕಂಪನಿಯವರೇ ಎಲ್ಲವನ್ನೂ ತುಂಬಿ ಒಂದೇ ಕಡತ ಮಾಡಿ ಕಳುಹಿಸಿದ ಸಿದ್ಧ ಸರ್ವರ್. ವರ್ಚುವಲ್ ಅಪ್ಲಯನ್ಸ್ ಅನ್ನುತ್ತಾರೆ. ಯಾವ ಡಿಸ್ಕ್, ಯಾವ ನೆಟ್‌ವರ್ಕ್ ಎಂದು ತೋರಿಸಿ, ಕಪ್ಪು ಪರದೆಯಲ್ಲಿ ಅದು ಕೇಳುವ ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟರೆ ಮುಗಿಯಿತು. ಇನ್ನು ಮುಂದೆ ರೋಗಿಗಳು ಹಾಸಿಗೆಯ ಪಕ್ಕದ ಪರದೆಯಲ್ಲಿ ತಮ್ಮ ಮಾತು ರೆಕಾರ್ಡ್ ಮಾಡಿಟ್ಟರೆ ಮನೆಯವರು ಮನೆಯಲ್ಲೇ ಕೂತು ಕೇಳಬಹುದು.

ರೆಕಾರ್ಡಿಂಗ್‌ಗಳಿಗೆ ಬೇರೆಯೇ ಡಿಸ್ಕ್ ಕೊಡಬೇಕೆಂದು ಕೈಪಿಡಿಯಲ್ಲಿದೆ. ಆ ಡಿಸ್ಕ್ ಬರುವುದು ಮುಂದಿನ ವಾರ. ಸದ್ಯಕ್ಕೆ ಎಲ್ಲ ಒಂದರಲ್ಲೇ ಇರಲಿ. ನೆಟ್‌ವರ್ಕ್ ನೋಡಿಕೊಳ್ಳುವ, ನಾವೆಲ್ಲ ತಂತಿ ಎಂದು ಕರೆಯುವ ಸಹೋದ್ಯೋಗಿ (ಆಳು ಇರುವುದೂ ಹಾಗೇ, ದಿನವಿಡೀ ಎಳೆಯುವುದೂ ಅದನ್ನೇ) ಬಾಗಿಲಲ್ಲಿ ನಿಂತು, "ದಿನದ ಬ್ಯಾಕಪ್ ಪಟ್ಟಿಗೆ ಸೇರಿಸಿದ್ರಾ?" ಎಂದ. "ಇನ್ನೂ ಪರೀಕ್ಷೆ ಕಣ್ರೀ, ಮುಗೀಲಿ ಇರಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬೇಡಿ" ಎಂದೆ.

ಕೊನೆಗೆ ಸ್ನ್ಯಾಪ್‌ಶಾಟ್ ತೆಗೆದಿಟ್ಟೆ. ಈ ಗಳಿಗೆಯಲ್ಲಿ ಯಂತ್ರ ಹೇಗಿದೆಯೋ ಹಾಗೇ ಹಿಡಿದಿಡುವುದು ಅದು. ಮುಂದೆ ಏನೇ ಎಡವಟ್ಟಾಗಲಿ, ಒಂದು ಗುಂಡಿ ಒತ್ತಿದರೆ ಯಂತ್ರ ಮತ್ತೆ ಇವತ್ತಿನ ಸ್ಥಿತಿಗೆ. "ಸೋಮವಾರ, ಎಲ್ಲ ಸರಿ" ಎಂದು ಹೆಸರಿಟ್ಟೆ.

ಅಕ್ಕನನ್ನು ಮೂರನೇ ಮಹಡಿಗೆ ಸೇರಿಸಿದರು. ಶುಕ್ರವಾರ ಆಪರೇಶನ್. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರಂತೆ. ಅವಳ ಮಗಳು ಗುಬ್ಬಿ ನನ್ನ ಮನೆಯಲ್ಲಿದ್ದಾಳೆ. ಒಂಬತ್ತು ವರ್ಷದ ಹುಡುಗಿ ಒಂದು ಚೀಲದ ತುಂಬ ಬರೀ ಕಲ್ಲು ತಂದಿದ್ದಾಳೆ.

ಮಾರ್ಚ್ 4, ಮಂಗಳವಾರ

ಊಟದ ಬಿಡುವಿನಲ್ಲಿ ಮೇಲೆ ಹೋದೆ. ಅಕ್ಕ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಫೋನಿಗೆ ಏನೋ ಹೇಳುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಿದಳು.

"ಗುಬ್ಬಿಗೆ ಅಂತ ನಾಲ್ಕು ಮಾತು ಹೇಳಿಡ್ತಿದ್ದೀನಿ. ಶುಕ್ರವಾರದಿಂದ ನಾನು ಮೂಕಿ ಅಲ್ವಾ."

"ಫೋನಲ್ಲಾ? ಆ ಹುಡುಗಿ ಕೈಗೆ ಸಿಕ್ಕ ಫೋನ್ ಎಷ್ಟು ದಿನ ಬಾಳುತ್ತೆ? ಹೋದ ವರ್ಷ ನೀರಿಗೆ ಹಾಕ್ಲಿಲ್ವಾ? ನಮ್ಮ ಸರ್ವರಲ್ಲಿ ಇಡೇ. ಅಲ್ಲಿಟ್ರೆ ಎಲ್ಲೂ ಹೋಗಲ್ಲ."

"ಅದಿನ್ನೂ ಶುರುವಾಗಿಲ್ಲ ಅಂದೆ?"

"ನಾನಿಲ್ವಾ? ನಿನ್ನ ಹಾಸಿಗೆಗೆ ಇವತ್ತೇ ಹಚ್ಚಿಕೊಡ್ತೀನಿ."

ಹಚ್ಚಿಕೊಟ್ಟೆ. ಹದಿನಾಲ್ಕನೇ ಹಾಸಿಗೆ, ಇಡೀ ಆಸ್ಪತ್ರೆಯಲ್ಲಿ ಮೊದಲನೇ ಬಳಕೆದಾರಳು. ಫೋನಿನಲ್ಲಿ ಹೇಳಿದ್ದನ್ನು ಅಲ್ಲೇ ಅಳಿಸಿ, "ಸರಿ, ಮೊದಲಿಂದ ಹೇಳ್ತೀನಿ, ನೀನು ನಡಿ" ಎಂದಳು. ಅಕ್ಕನ "ನಡಿ" ಎಂದರೆ ಎದುರಿನ ವಾರ್ಡಿನವರೂ ಎದ್ದು ನಿಲ್ಲಬೇಕು. ಇಪ್ಪತ್ತು ವರ್ಷ ಈಜುಕೊಳದ ದಂಡೆಯಲ್ಲಿ ನಿಂತು ಮಕ್ಕಳಿಗೆ "ಕಾಲು ಹೊಡಿ" ಎಂದು ಕೂಗಿದ ಗಂಟಲು ಅದು. ಭಾವ ಬೇರೆ ಸಂಸಾರ ಕಟ್ಟಿಕೊಂಡು ಹೋದ ದಿನವೂ ಅವಳು ಬೆಳಗಿನ ತಂಡಕ್ಕೆ ರಜೆ ಕೊಟ್ಟಿರಲಿಲ್ಲ.

ಮಾರ್ಚ್ 5, ಬುಧವಾರ

ವಾರ್ಡಿನ ನರ್ಸಮ್ಮ ಲಿಫ್ಟಿನಲ್ಲಿ ಸಿಕ್ಕಿ, "ನಿಮ್ಮಕ್ಕ ಮಧ್ಯಾಹ್ನ ಪೂರ್ತಿ ಆ ಪರದೆ ಜೊತೆ ಜಗಳ ಆಡ್ತಿದ್ರು ಕಣ್ರೀ" ಎಂದರು. ಜಗಳವಲ್ಲ, ಅವಳು ಮುದ್ದು ಮಾಡುವುದೇ ಹಾಗೆ.

ಸಂಜೆ ಗುಬ್ಬಿಯನ್ನು ಕರೆದುಕೊಂಡು ಹೋದೆ. ಅಕ್ಕ ಬೆರಳು ಮಡಚಿ ಲೆಕ್ಕ ಕೊಟ್ಟಳು: ಹತ್ತನೇ ಹುಟ್ಟುಹಬ್ಬಕ್ಕೆ ಒಂದು, ಹೈಸ್ಕೂಲಿಗೆ ಹೋಗುವ ಮೊದಲ ದಿನಕ್ಕೆ ಒಂದು, ದೊಡ್ಡವಳಾದಾಗ ಒಂದು, ಯಾರ ಮೇಲಾದರೂ ಸಿಟ್ಟು ಬಂದು ಊಟ ಬಿಟ್ಟಾಗ ಒಂದು, ನಿದ್ದೆ ಬಾರದಿದ್ದರೆ ಒಂದು. "ಎಲ್ಲ ಮುಗಿಸ್ತೀನಿ. ಮಾತು ಕೊಟ್ಟಿದ್ದೀನಲ್ಲ" ಎಂದಳು. ಗುಬ್ಬಿ, "ನಿದ್ದೆದು ಉದ್ದ ಇರಬೇಕು" ಎಂದು ಷರತ್ತು ಹಾಕಿದಳು.

ಹೊರಡುವಾಗ ಅಕ್ಕ ನನ್ನ ತೋಳು ಹಿಡಿದು, "ಒಂದು ನಿನಗೂ ಇದೆ" ಎಂದಳು.

"ಬೈಗುಳ ತಾನೆ? ಎದುರಿಗೇ ಬೈದುಬಿಡು, ಡಿಸ್ಕಿನಲ್ಲಿ ಜಾಗವಾದರೂ ಉಳಿಯುತ್ತೆ" ಎಂದೆ. ನಕ್ಕಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತದೆ ಈಗ.

ಮಾರ್ಚ್ 6, ಗುರುವಾರ

ಯಂತ್ರದ ಗಡಿಯಾರ ಏಳು ನಿಮಿಷ ಮುಂದೆ ಓಡುತ್ತಿದೆ. ನಾಳೆ ಹನ್ನೊಂದಕ್ಕೆ ಆಡಳಿತ ಮಂಡಳಿಯವರಿಗೆ ತೋರಿಸಬೇಕೆಂದು ನಮ್ಮ ವಿಭಾಗದ ಮುಖ್ಯಸ್ಥರು ಕುಣಿಯುತ್ತಿದ್ದಾರೆ. ನಾಳೆ ಅಕ್ಕನ ಆಪರೇಶನ್ ಎಂದೆ. "ಅಯ್ಯೋ ಹೌದಲ್ಲ, ಬೇರೆ ಯಾರಾದರೂ..." ಎಂದು ರಾಗ ಎಳೆದರು. ಬೇರೆ ಯಾರೂ ಇಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಗಡಿಯಾರ ಸರಿಪಡಿಸುವ ತೇಪೆಯನ್ನು, ಎಂದರೆ ಸಣ್ಣ ತಿದ್ದುಪಡಿಯ ಕಡತವನ್ನು, ಕಂಪನಿಯವರು ಕಳುಹಿಸಿದ್ದಾರೆ. ಬೆಳಿಗ್ಗೆ ಹಾಕಿದರಾಯಿತು.

ಮಾರ್ಚ್ 7, ಶುಕ್ರವಾರ

ಬಚಾವಾದೆವು. ಎರಡೂ ಕಡೆ.

ಎಂಟಕ್ಕೆ ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲವರೆಗೂ ಮಾತಾಡುತ್ತಲೇ ಹೋದಳು: ಗುಬ್ಬಿಯ ಕೊಡೆ, ಗ್ಯಾಸ್ ಮುಗಿದಿದೆ, ಕೊಳದ ಬೀಗದ ಕೈ. ಕೇಳಿಸಿಕೊಂಡೆನೋ ಇಲ್ಲವೋ. ಹೊರಗಿನ ಬೆಂಚಿನಲ್ಲಿ ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ. ಒಂಬತ್ತಕ್ಕೆ ಕೆಳಗಿಳಿದು ತೇಪೆ ಹಾಕಲು ಕೂತೆ. ಹಾಕುವ ಮುಂಚೆ ಹೊಸ ಸ್ನ್ಯಾಪ್‌ಶಾಟ್ ತೆಗೆಯಬೇಕು, ಅದಕ್ಕೆ ಹತ್ತು ನಿಮಿಷ. ಸೋಮವಾರದ್ದು ಇದೆಯಲ್ಲ ಎಂದು ಬಿಟ್ಟೆ. ತೇಪೆ ಹಾಕಿದ್ದೇ ತಡ, ಯಂತ್ರ ಏಳಲೇ ಇಲ್ಲ. ಕಪ್ಪು ಪರದೆ, ಅದರ ಮೇಲೆ ಒಂದೇ ಸಾಲು, ಮತ್ತೆ ಮತ್ತೆ. ಹತ್ತೂವರೆ ಆಗಿತ್ತು. ಮುಖ್ಯಸ್ಥರು ಎರಡು ಸಲ ಫೋನ್ ಮಾಡಿದರು. ಇನ್ನು ಕೂತು ಗುದ್ದಾಡಿ ಪ್ರಯೋಜನವಿಲ್ಲವೆಂದು ಸೋಮವಾರದ ಸ್ಥಿತಿಗೆ ಮರಳಿಸಿದೆ. ಒಂದು ನಿಮಿಷದಲ್ಲಿ ಎದ್ದು ಕೂತಿತು ನನ್ನ ಕೂಸು! ಗಡಿಯಾರವನ್ನು ಕೈಯಲ್ಲೇ ತಿದ್ದಿದೆ. ಹದಿನಾಲ್ಕನೇ ಹಾಸಿಗೆಯ ಪರದೆ ಪಟ್ಟಿಯಿಂದ ಬಿಟ್ಟುಹೋಗಿತ್ತು, ಓಡಿಹೋಗಿ ಮತ್ತೆ ಹಚ್ಚಿ ಬಂದೆ. ಹಾಸಿಗೆ ಖಾಲಿ ಇತ್ತು, ಹೊದಿಕೆಯನ್ನು ಅಚ್ಚುಕಟ್ಟಾಗಿ ಮಡಚಿದ್ದರು.

ಮಂಡಳಿಯವರಿಗೆ ಬಹಳ ಹಿಡಿಸಿತು. ಅವರಲ್ಲೊಬ್ಬರು ಪರದೆಗೆ ಹಾಡನ್ನೇ ಹೇಳಿಬಿಟ್ಟರು.

ಎರಡು ಗಂಟೆಗೆ ಡಾಕ್ಟರು ಹೊರಬಂದು ಎಲ್ಲ ಚೆನ್ನಾಗಾಯಿತು ಎಂದರು. ನಿಂತಲ್ಲೇ ಅತ್ತುಬಿಟ್ಟೆ. ಇವತ್ತು ನಿದ್ದೆ ಬರುತ್ತದೆ.

ಮಾರ್ಚ್ 8, ಶನಿವಾರ

ಬೆಳಿಗ್ಗೆ ಗುಬ್ಬಿ ತಿಂಡಿ ಮುಟ್ಟದೆ, "ಅಮ್ಮನ ನಿದ್ದೆದು ಕೇಳ್ತೀನಿ, ಒಂದೇ ಒಂದು" ಎಂದು ಹಠ ಹಿಡಿದಳು. ಲ್ಯಾಪ್‌ಟಾಪ್ ತೆರೆದೆ. ಹದಿನಾಲ್ಕನೇ ಹಾಸಿಗೆ. ರೆಕಾರ್ಡಿಂಗ್‌ಗಳು: ಸೊನ್ನೆ.

ಇನ್ನೊಮ್ಮೆ ತೆರೆದೆ.

ಆಗ ಗೊತ್ತಾಯಿತು. ತಿಳಿಯುವುದಕ್ಕೆ ಎಷ್ಟು ಹೊತ್ತು ಬೇಕು? ಸೋಮವಾರಕ್ಕೆ ಮರಳಿದ ಯಂತ್ರದಲ್ಲಿ ಮಂಗಳವಾರದ ಮಾತು ಎಲ್ಲಿಂದ ಬರಬೇಕು? ಗುಬ್ಬಿಗೆ "ನೆಟ್‌ವರ್ಕ್ ಇಲ್ಲ ಪುಟ್ಟ" ಎಂದೆ.

ಮಾರ್ಚ್ 9, ಭಾನುವಾರ

ಬೆಳಿಗ್ಗೆಯಿಂದ ನೆಲಮಾಳಿಗೆಯಲ್ಲಿದ್ದೆ. ಸ್ನ್ಯಾಪ್‌ಶಾಟ್ ಆದ ಮೇಲೆ ಯಂತ್ರದಲ್ಲಿ ಬದಲಾದದ್ದೆಲ್ಲ ಒಂದು ಪಕ್ಕದ ಕಡತದಲ್ಲಿ ಕೂಡುತ್ತಾ ಹೋಗುತ್ತದೆ. ಹಿಂದಕ್ಕೆ ಮರಳಿಸಿದ ಕೂಡಲೇ ಆ ಕಡತವನ್ನು ಎಸೆದು ಹೊಸದು ಶುರುವಾಗುತ್ತದೆ. ಇದನ್ನು ಹೊಸದಾಗಿ ಸೇರಿದವರಿಗೆ ಪಾಠ ಮಾಡುವವಳು ನಾನೇ. "ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ" ಎಂದು ಗೋಡೆಗೆ ಬರೆದು ಅಂಟಿಸಿದವಳೂ ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಮರಳಿಸುವ ಮುಂಚೆ ಪರದೆ ಕೇಳಿತ್ತು: ಈಗಿನ ಸ್ಥಿತಿ ಅಳಿದುಹೋಗುತ್ತದೆ, ಮುಂದುವರಿಯಬೇಕೇ? ಹೌದು ಎಂದು ಒತ್ತಿದೆ. ಹನ್ನೆರಡು ವರ್ಷದಲ್ಲಿ ಸಾವಿರ ಸಲ ಒತ್ತಿದ್ದೇನೆ, ಒಮ್ಮೆಯೂ ಓದಿಲ್ಲ. ಪರೀಕ್ಷೆಯ ಯಂತ್ರದಲ್ಲಿ ಯಾರದ್ದೇನಿರುತ್ತದೆ ಎಂದುಕೊಂಡಿತು ಕೈ. ನಾನೇ ಅವಳನ್ನು ಅದರಲ್ಲಿ ಕೂರಿಸಿದ್ದು ಕೈಗೆ ನೆನಪಾಗಲಿಲ್ಲ. ಕೈ ಎಂದು ಬರೆಯುತ್ತಿದ್ದೇನೆ. ನನಗೆ ನೆನಪಾಗಲಿಲ್ಲ.

ದಿನದ ಬ್ಯಾಕಪ್ ಪಟ್ಟಿಯಲ್ಲಿ ಮೂವತ್ತೆಂಟು ಹೆಸರಿವೆ. ಮೂರು ಸಲ ಓದಿದೆ.

ಮಾರ್ಚ್ 10, ಸೋಮವಾರ

ಕಂಪನಿಯ ಇಂಜಿನಿಯರಿಗೆ ಫೋನ್ ಮಾಡಿದೆ. ಒಳ್ಳೆಯ ಹುಡುಗಿ, ಎರಡು ಗಂಟೆ ಜೊತೆಗಿದ್ದಳು. ಕೊನೆಗೆ, "ಮೇಡಂ, ಅದೇ ಡಿಸ್ಕಿನ ಮೇಲೆ ಮೂರು ದಿನ ಬೇರೆಲ್ಲ ಸರ್ವರ್ ಬರೆದಿವೆ. ಏನೂ ಉಳಿದಿರಲ್ಲ. ಮುಖ್ಯವಾದದ್ದು ಏನಾದ್ರೂ ಇತ್ತಾ?" ಎಂದಳು. ಇಲ್ಲ ಎಂದೆ.

ಮುಖ್ಯಸ್ಥರಿಗೆ ಹೇಳಿದೆ. ಬಾಗಿಲು ಹಾಕಿಕೊಂಡು ಬಂದು ಮೆಲ್ಲಗೆ, "ತೇಪೆಯದೇ ದೋಷ ಅಂತ ಬರೆದುಬಿಡಿ. ಯಾರು ಕೇಳ್ತಾರೆ? ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ" ಎಂದರು. ಅವರದ್ದೇನೂ ಮಿಂಚಿ ಹೋಗಿಲ್ಲವಲ್ಲ. ವರದಿಯಲ್ಲಿ ಆದದ್ದನ್ನು ಆದ ಹಾಗೇ ಬರೆದು ಕೆಳಗೆ ನನ್ನ ಸಹಿ ಹಾಕಿದೆ. ಅದು ಸುಲಭ. ವರದಿಯನ್ನು ಅಕ್ಕ ಓದುವುದಿಲ್ಲ.

ತಂತಿ ಕಾಫಿ ತಂದಿಟ್ಟು ಹೋದ. "ನಾನು ಆವತ್ತೇ ಹೇಳಿದ್ದೆ" ಎಂದು ಬೈದಿದ್ದರೆ ಆಗುತ್ತಿತ್ತು.

ಮಾರ್ಚ್ 13, ಗುರುವಾರ

ಅಕ್ಕನನ್ನು ವಾರ್ಡಿಗೆ ತಂದರು. ಮೂಗಿನಲ್ಲಿ ಒಂದು ನಳಿಕೆ, ಕುತ್ತಿಗೆಯಲ್ಲಿ ಒಂದು ರಂಧ್ರ. ಉಸಿರು ಅಲ್ಲಿಂದಲೇ ಬಂದು ಹೋಗುತ್ತದೆ. ತುಟಿ ಆಡುತ್ತದೆ, ಶಬ್ದವಿಲ್ಲ. ಗಾಜಿನಾಚೆ ನಿಂತವಳನ್ನು ನೋಡಿದಂತಾಯಿತು. ನರ್ಸಮ್ಮ ಒಂದು ಬಿಳಿ ಹಲಗೆ, ಪೆನ್ನು ಕೊಟ್ಟಿದ್ದಾರೆ. ಅವಳು ಬರೆದ ಮೊದಲ ಸಾಲು: "ಗುಬ್ಬಿ ಕೇಳಿದಳಾ?"

"ಇನ್ನೂ ಇಲ್ಲ. ನೀನು ಮನೆಗೆ ಬಂದ ಮೇಲೆ ಒಟ್ಟಿಗೆ ಕೇಳ್ತಾಳಂತೆ."

ಅವಳಿಗೆ ಸಮಾಧಾನವಾಯಿತು. ನನ್ನ ಕೆನ್ನೆ ತಟ್ಟಿದಳು. ಎಂಥಾ ಪಾಪಿ ನಾನು.

ಮಾರ್ಚ್ 15, ಶನಿವಾರ

ಅವಳ ದನಿ ಎಲ್ಲಾದರೂ ಉಳಿದಿದೆಯೇ ಎಂದು ನನ್ನ ಫೋನೆಲ್ಲ ಜಾಲಾಡಿದೆ. ಹಾಲು ತಗೊಂಡು ಬಾ. ಎಲ್ಲಿ ಸತ್ತಿದ್ದೀಯೇ, ಫೋನ್ ಎತ್ತು. ಕೊಳದ ಒಂದು ವೀಡಿಯೊ, ಹದಿನೈದು ಸೆಕೆಂಡು, ಅದರಲ್ಲಿ ಮಕ್ಕಳ ಗಲಾಟೆಯೇ ಹೆಚ್ಚು. ಇನ್ನೊಂದರಲ್ಲಿ ಅವಳೇನೋ ಹೇಳಲು ಶುರುಮಾಡುತ್ತಾಳೆ, ಆಗ ನಾನೇ ನಡುವೆ ಬಾಯಿ ಹಾಕಿದ್ದೇನೆ. ಕೊಳದವರನ್ನೂ, ಅವಳ ಗೆಳತಿಯರನ್ನೂ ಕೇಳಿ ನೋಡಿದೆ. ಎಲ್ಲರ ಹತ್ತಿರವೂ ಇಷ್ಟಿಷ್ಟೇ. ದಿನಾ ಕಿವಿಗೆ ಬೀಳುವ ದನಿಯನ್ನು ಯಾರು ತೆಗೆದಿಡುತ್ತಾರೆ?

ಮಾರ್ಚ್ 18, ಮಂಗಳವಾರ

ಪರೀಕ್ಷೆಗೆ ಕಳುಹಿಸಿದ ತುಣುಕುಗಳ ವರದಿ, ಎದೆಯ ಸ್ಕ್ಯಾನಿನ ವರದಿ ಎರಡೂ ಬಂದವು. ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು. ಗಂಟಲಲ್ಲಿ ಇದ್ದದ್ದನ್ನೆಲ್ಲ ತೆಗೆದರೂ ಶ್ವಾಸಕೋಶದಲ್ಲಿ ಆಗಲೇ ಬೇರು ಬಿಟ್ಟಿದೆ. "ಔಷಧಿ ಕೊಡ್ತೀವಿ. ಒಂದು ವರ್ಷ ಸಿಗಬಹುದು. ಜಾಸ್ತಿ ಆಸೆ ಇಟ್ಕೋಬೇಡಿ." ಅಕ್ಕನಿಗೆ ಬೆಳಿಗ್ಗೆಯೇ ಹೇಳಿದ್ದರಂತೆ. ಅವಳೇ ಕೇಳಿ, ಹಲಗೆಯಲ್ಲಿ ಬರೆದು, ಉತ್ತರ ತೆಗೆಸಿಕೊಂಡಿದ್ದಾಳೆ.

ಹೋದಾಗ ನನಗೆ ಬರೆದು ತೋರಿಸಿದ್ದು ಇಷ್ಟು: "ಒಳ್ಳೇದಾಯ್ತು, ಎಲ್ಲ ಹೇಳಿಟ್ಟೆ."

ಮಾರ್ಚ್ 19, ಬುಧವಾರ

ಹೇಳಿದೆ.

ನೀಟಾಗಿ ಹೇಳಬೇಕೆಂದು ಹೋದವಳು ತೇಪೆ, ಗಡಿಯಾರ, ಮಂಡಳಿ ಎಂದು ಸುತ್ತಿ ಬಳಸಿ ತೊದಲಿದೆ. ಅಕ್ಕ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು. ಅರ್ಥವಾಗಲಿಲ್ಲವೆಂದು ಕೈಯಾಡಿಸಿದಳು. ಕೊನೆಗೆ, "ನೀನು ಹೇಳಿಟ್ಟಿದ್ದೆಲ್ಲ ಹೋಯ್ತು ಅಕ್ಕ. ಒಂದೂ ಇಲ್ಲ. ಯಂತ್ರದ ತಪ್ಪಲ್ಲ, ನಾನೇ ಅಳಿಸಿದೆ" ಎಂದೆ.

ಅವಳು ಬಾಯಿ ತೆರೆದಳು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿದವು, ಕುತ್ತಿಗೆಯ ರಂಧ್ರದಿಂದ ಬರೀ ಗಾಳಿ ಬುಸುಬುಸು ಎಂದಿತು. ಬೈಯುತ್ತಿದ್ದಳು. ಒಂದಕ್ಷರವೂ ಕೇಳಿಸಲಿಲ್ಲ. ಪಕ್ಕದ ಹಾಸಿಗೆಯ ಅಜ್ಜಿ ತಿರುಗಿಯೂ ನೋಡಲಿಲ್ಲ. ಆಮೇಲೆ ಗೋಡೆಯ ಕಡೆ ಹೊರಳಿದಳು. ನಾನು ಆರು ಗಂಟೆಯವರೆಗೂ ಸ್ಟೂಲಿನ ಮೇಲೆ ಕೂತಿದ್ದೆ.

ಮಾರ್ಚ್ 20, ಗುರುವಾರ

ಗೋಡೆ.

ಮಾರ್ಚ್ 21, ಶುಕ್ರವಾರ

ಇವತ್ತೂ. ಹಲಗೆಯನ್ನು ಕೈಗೆ ಕೊಟ್ಟೆ, ಕೆಳಗೆ ಬಿಟ್ಟಳು. ನನಗೇ ಎಂದು ಹೇಳಿಟ್ಟಿದ್ದಳಲ್ಲ, ಅದರಲ್ಲಿ ಏನಿತ್ತೆಂದು ಕೇಳುವ ಮುಖ ನನಗಿಲ್ಲ.

ಮೂರನೇ ಮಹಡಿಯವರೆಲ್ಲ ಪರಿಚಯವಾಗಿದ್ದಾರೆ. ಅಜ್ಜಿಯ ತಲೆ ಬಾಚಿದೆ. ಹನ್ನೊಂದನೇ ಹಾಸಿಗೆಯ ಬಡಗಿಗೆ ಮನೆಯಿಂದ ಯಾರೂ ಬರುವುದಿಲ್ಲ, ಅವನಿಗೆ ಪತ್ರಿಕೆ ಓದಿ ಹೇಳಿದೆ. ಪರದೆಗಳ ಬಗ್ಗೆ ಯಾರೋ ಕೇಳಿದರು, ಏನು ಹೇಳಿದೆನೋ ನೆನಪಿಲ್ಲ.

ಮಾರ್ಚ್ 22, ಶನಿವಾರ

ಮಧ್ಯಾಹ್ನ ಹೋದಾಗ ಅಕ್ಕ ಎದ್ದು ಕೂತಿದ್ದಳು. ಹಲಗೆಯಲ್ಲಿ ಮೊದಲೇ ಬರೆದಿಟ್ಟಿದ್ದಳು.

"ಗುಬ್ಬಿಗೆ ಹೇಳಿದೆಯಾ?"

"ಇಲ್ಲ. ನಾಳೆ ಕರ್ಕೊಂಡು ಬಂದು ನಿನ್ನ ಎದುರಿಗೇ ಹೇಳ್ತೀನಿ. ನಾನು ಮಾಡಿದ್ದು ಅಂತಲೇ ಹೇಳ್ತೀನಿ."

ಒರೆಸಿದಳು, ಬರೆದಳು. "ಬೇಡ. ನಾನು ರೆಕಾರ್ಡ್ ಮಾಡಲೇ ಇಲ್ಲ ಅಂತ ಹೇಳು."

"ಹುಚ್ಚೇನೇ ನಿನಗೆ? ನೀನು ಮಾತು ಕೊಟ್ಟಿದ್ದೀಯ. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳಲ್ವಾ ಅವಳು?"

ಒರೆಸಿದಳು. ನಿಧಾನವಾಗಿ ಬರೆದಳು. ಅಕ್ಷರ ಓರೆಕೋರೆ, ಹಲಗೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ತಿರುಗಿಸಿ ಬರೆದಳು. "ನನ್ನ ಮೇಲಾದ್ರೆ ಪರವಾಗಿಲ್ಲ. ನಿನ್ನ ಮೇಲೆ ಸಿಟ್ಟಾದ್ರೆ ಮುಂದೆ ಯಾರ ಹತ್ರ ಹೋಗ್ತಾಳೆ?"

ಆಗಲ್ಲ ಎಂದೆ. ನನ್ನಿಂದ ಆಗಲ್ಲ ಅಕ್ಕ, ಇದೊಂದು ಮಾತ್ರ ಕೇಳಬೇಡ ಎಂದೆ. ಅವಳು ಹಲಗೆಯನ್ನು ನನ್ನ ಮುಖದ ಹತ್ತಿರ ಹಿಡಿದು, ಬೆರಳಿನಿಂದ ಕೊನೆಯ ಸಾಲನ್ನು ಕುಟ್ಟಿದಳು, ಎರಡು ಸಲ. ಕೊಳದ ದಂಡೆಯಲ್ಲಿ ನಿಂತು ಹೀಗೇ ಆಜ್ಞೆ ಮಾಡುತ್ತಿದ್ದಳು, ಆಗ ಎದುರಾಡಿದವರಿಲ್ಲ.

ಮಾರ್ಚ್ 23, ಭಾನುವಾರ

ಗುಬ್ಬಿ ಅಮ್ಮನಿಗೆಂದು ಒಂದು ಕಲ್ಲು ಆರಿಸಿ ತಂದಿದ್ದಳು. ನಳಿಕೆ, ಪಟ್ಟಿ ಯಾವುದಕ್ಕೂ ಹೆದರಲಿಲ್ಲ. ಹಾಸಿಗೆ ಹತ್ತಿ ಕೂತು ಶಾಲೆಯದು, ಪಕ್ಕದ ಮನೆ ನಾಯಿಯದು ಎಲ್ಲ ಒಪ್ಪಿಸಿದಳು. ಅಕ್ಕ ತಲೆಯಾಡಿಸುತ್ತ ಕೂದಲು ಸವರುತ್ತಿದ್ದಳು. ಆಮೇಲೆ ಗುಬ್ಬಿ ಕೇಳಿಯೇಬಿಟ್ಟಳು.

"ಅಮ್ಮ, ನನಗೆ ಅಂತ ಹೇಳಿಟ್ಟಿದ್ದು ಎಲ್ಲಿ? ಚಿಕ್ಕಮ್ಮ ದಿನಾ ನೆಟ್‌ವರ್ಕ್ ಇಲ್ಲ ಅಂತಾಳೆ."

ಅಕ್ಕ ನನ್ನನ್ನು ನೋಡಿದಳು.

"ಅಮ್ಮನಿಗೆ ಆಗಲಿಲ್ಲ ಪುಟ್ಟ" ಎಂದೆ. "ರೆಕಾರ್ಡ್ ಮಾಡಲೇ ಇಲ್ಲ."

"ಒಂದೂ?"

"ಒಂದೂ."

ಗುಬ್ಬಿ ಅಮ್ಮನ ಕಡೆ ತಿರುಗಿದಳು. "ಮೂರು ದಿನ ಇತ್ತಲ್ಲ? ಏನ್ ಮಾಡ್ತಿದ್ದೆ ಹಾಗಾದ್ರೆ?"

ಅಕ್ಕ ಹಲಗೆ ತೆಗೆದುಕೊಂಡು ಒಂದೇ ಪದ ಬರೆದಳು. "ಮರೆತೆ."

"ಮರೆತ್ಯಾ?" ಗುಬ್ಬಿಯ ದನಿ ಇಡೀ ವಾರ್ಡಿಗೆ ಕೇಳಿಸಿತು. "ಮಾತು ಕೊಟ್ಟು ಮರೆತ್ಯಾ? ಸುಳ್ಳಿ ನೀನು!" ಧಡಕ್ಕನೆ ಇಳಿದು ಹೊರಗೆ ಓಡಿದಳು. ಅಕ್ಕನ ಕೈ ಅವಳು ಕೂತಿದ್ದ ಜಾಗದಲ್ಲೇ ಇತ್ತು. ಅಳಲಿಲ್ಲ. ಇನ್ನೊಂದು ಕೈಯಲ್ಲಿ ನನಗೆ ಸನ್ನೆ ಮಾಡಿದಳು: ಹೋಗು, ಅವಳ ಹಿಂದೆ ಹೋಗು.

ಗುಬ್ಬಿ ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ಪಕ್ಕದಲ್ಲಿ ಕೂತೆ. ಬಹಳ ಹೊತ್ತು ಬಿಕ್ಕಿದಳು. ಹೇಳಿಬಿಡುತ್ತೇನೆ, ಅಕ್ಕ ಏನಾದರೂ ಅಂದುಕೊಳ್ಳಲಿ, ಹೇಳಿಬಿಡುತ್ತೇನೆ ಎಂದು, "ಗುಬ್ಬಿ, ಇಲ್ಲಿ ನೋಡು" ಎಂದೆ.

ಅವಳು ಮುಖ ಎತ್ತಿ ಮೂಗು ಒರೆಸಿಕೊಂಡಳು. "ನೀನಾಗಿದ್ರೆ ಮರೀತಿರಲಿಲ್ಲ ಅಲ್ವಾ ಚಿಕ್ಕಮ್ಮ?" ಎಂದಳು. ಹೇಳುತ್ತ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಇಲ್ಲ ಪುಟ್ಟ, ಮರೀತಿರಲಿಲ್ಲ ಎಂದೆ.